ಟ್ರ್ಯಾಕ್ಟರಿಗೂ ಟಾನಿಕ್ ಬೇಕಾ?

ನಮ್ಮ ಕಡೆ ಮಗು ಒಸಿ ಸಣಕಲಾಗಿದ್ರೆ ಸಾಕು, ಟಾನಿಕ್ ಕುಡಿಸಿ ಅನ್ನೋರು ಹತ್ತು ಜನ ಬತ್ತಾರೆ. ಹೊಟ್ಟೇಲಿ ಜಂತುಹುಳ ಇದ್ಯಾ, ಊಟ ಸರಿಯಾಗಿ ಮಾಡ್ತದಾ ಅಂತ ಕೇಳೋರು ಕಮ್ಮಿ. ಈಗ ಟ್ರ್ಯಾಕ್ಟರಿಗೂ ಅದೇ ಗತಿ ಬಂದದೆ ಕನ್ರವ್ವಾ. ಸ್ಪೇರ್ ಪಾರ್ಟ್ಸ್ ಅಂಗಡೀಲಿ ಸಣ್ಣ ಸಣ್ಣ ಬಾಟ್ಲಿ ಸಾಲಾಗಿ ಜೋಡ್ಸವ್ರೆ. ಡೀಸೆಲ್ ಟ್ಯಾಂಕಿಗೆ ಒಂದು ಬಾಟ್ಲಿ ಹುಯ್ದ್ರೆ ಮೈಲೇಜು ಜಾಸ್ತಿ, ಹೊಗೆ ಕಮ್ಮಿ, ಎಳೆತ ಜೋರು ಅಂತಾರೆ. ಕೊಳ್ಳೇಗಾಲ, ಹನೂರು, ಯಳಂದೂರು, ಎಲ್ಲಿ ನೆಂಟರ ಮನೆಗೋದ್ರೂ ಗಂಡಸರ ಬಾಯಲ್ಲಿ ಇದೇ ಮಾತು. ಹಾಕ್ಬೇಕಾ, ಬ್ಯಾಡ್ವಾ?

ಇದು ಗಂಡಸರ ವಿಷಯ, ನಮಗ್ಯಾಕೆ ಅಂತ ನೀವು ಅನ್ಬೋದು. ಆ ಬಾಟ್ಲಿ ದುಡ್ಡು ಎಲ್ಲಿಂದ ಬತ್ತದೆ ಯೋಚ್ನೆ ಮಾಡಿ. ಡೈರಿಗೆ ಹಾಲು ಹಾಕಿದ ದುಡ್ಡು, ಸಂಘದಲ್ಲಿ ಎತ್ತಿದ ದುಡ್ಡು. ಟ್ರ್ಯಾಕ್ಟರ್ ಕಂತು ಬಂದಾಗ ಮೊದ್ಲು ಬರಿದಾಗೋದು ನಮ್ಮ ಸಾಸಿವೆ ಡಬ್ಬಿ. ಅದಕ್ಕೇ ನಾನು ಕೇಳಿ ತಿಳ್ಕಂಡಿದ್ದನ್ನ ಬರೀತಿದ್ದೀನಿ.

ನಮ್ಮಣ್ಣನ ಮಗ ಕೊಳ್ಳೇಗಾಲದಲ್ಲಿ ಪಂಪು, ನಾಜಲ್ ರಿಪೇರಿ ಕೆಲಸ ಮಾಡ್ತಾನೆ. ಅವನನ್ನ ಕೇಳ್ದೆ. "ಅತ್ತೆ, ನೀವು ಪ್ಯಾಕೆಟ್ ಉಪ್ಪು ತತ್ತೀರಲ್ಲ, ಅದಕ್ಕೆ ಅಯೋಡಿನ್ ಮೊದ್ಲೇ ಸೇರ್ಸವ್ರೆ. ಮನೆಗೆ ತಂದು ಇನ್ನೊಂದ್ಸಾರಿ ಅಯೋಡಿನ್ ಹಾಕ್ತೀರಾ?" ಅಂದ.

ಆಮೇಲೆ ಬಿಡಿಸಿ ಹೇಳ್ದ. 2020ರ ಏಪ್ರಿಲ್ 1ರಿಂದ ಇಡೀ ದೇಶದಲ್ಲಿ ಬಿಎಸ್-6 ಡೀಸೆಲ್ಲೇ ಮಾರೋದು. ಅದರಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಇರಂಗಿಲ್ಲ. ಅದಕ್ಕೆ ಮುಂಚಿನ ಬಿಎಸ್-4 ಡೀಸೆಲ್ಲಲ್ಲಿ 50 ಪಾಲಿನವರೆಗೂ ಇರ್ಬೋದಿತ್ತು. ಗಂಧಕ ತೆಗೆಯುವಾಗ ಡೀಸೆಲ್ಲಿನ ಜಿಡ್ಡಿನ ಗುಣವೂ ಒಸಿ ಹೋಗ್ತದೆ, ಬೆಣ್ಣೆ ತೆಗೆದ ಮಜ್ಜಿಗೆ ಥರ. ಪಂಪಿನೊಳಗಿನ ಸಣ್ಣ ಸಣ್ಣ ಭಾಗಗಳು ಸವೀದಂಗೆ ಕಾಯೋದು ಆ ಜಿಡ್ಡೇ. ಅದಕ್ಕೆ ಎಣ್ಣೆ ಕಂಪನಿಯೋರೇ ಬೇಕಾದ ರಾಸಾಯನಿಕ ಅಳತೆ ಮಾಡಿ ಸೇರ್ಸಿ ಬಂಕಿಗೆ ಕಳಿಸ್ತಾರೆ. ಡೀಸೆಲ್ ಎಷ್ಟು ಬಿರ್ನೆ ಹತ್ಕತದೆ ಅನ್ನೋದಕ್ಕೂ ಒಂದು ಅಳತೆ ಅದೆ, ಸೀಟೇನ್ ಅಂತಾರೆ. ಅದು 51ಕ್ಕಿಂತ ಕಮ್ಮಿ ಇರಬಾರ್ದು ಅಂತ ಸರ್ಕಾರದ ನಿಯಮ. ಒಣಗಿದ ಸೌದೆ ಬೆಂಕಿ ತೋರ್ಸಿದ ತಕ್ಷಣ ಹತ್ಕತದಲ್ಲ, ಅಂಗೆ. ಅಂದ್ರೆ ನಾವು ಬಂಕಲ್ಲಿ ಹಾಕ್ಸೋದು ಬರೀ ಡೀಸೆಲ್ಲಲ್ಲ, ಮದ್ದು ಬೆರೆಸಿದ ಡೀಸೆಲ್ಲೇ.

ಇನ್ನು ದುಡ್ಡಿನ ಲೆಕ್ಕ. ಬಾಟ್ಲಿಗೆ 250 ರೂಪಾಯಿ, ಅದು 40 ಲೀಟರ್ ಡೀಸೆಲ್ಲಿಗೆ ಅಂತ ಇಟ್ಕಳಿ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡೀರಿ. ಬಾಟ್ಲಿ ದುಡ್ಡು ವಾಪಸ್ ಹುಟ್ಬೇಕು ಅಂದ್ರೆ ಹತ್ರತ್ರ 2.8 ಲೀಟರ್ ಉಳೀಬೇಕು. ನೂರಕ್ಕೆ 7 ಲೀಟರ್ ಆಯ್ತು. ಅಷ್ಟು ಉಳಿದ್ರೆ ಅಸಲು ಬಂತು, ಲಾಭ ಇನ್ನೂ ಇಲ್ಲ. ಹೋದ್ವರ್ಷ ರಾಗಿ ಹೊಲ ಉಳುವಾಗ ನಮ್ಮನೇಲಿ ಅಳೆದೂ ನೋಡಿದ್ವು. ಟ್ಯಾಂಕ್ ಬಾಯ್ಮಟ್ಟ ತುಂಬ್ಸಿ ಎರಡು ಎಕರೆ ಉಳೋದು, ಮತ್ತೆ ಬಾಯ್ಮಟ್ಟ ತುಂಬ್ಸೋಕೆ ಎಷ್ಟು ಲೀಟರ್ ಹಿಡೀತು ಅಂತ ಬರ್ಕಳೋದು. ಮೊದ್ಲು ಬಾಟ್ಲಿ ಹಾಕ್ದೆ, ಆಮೇಲೆ ಹಾಕಿ. ಕಾಲು ಲೀಟರಿನಷ್ಟೂ ವ್ಯತ್ಯಾಸ ಬರ್ಲಿಲ್ಲ. ಮಣ್ಣಿನ ಹದ ಒಸಿ ಹೆಚ್ಚುಕಮ್ಮಿಯಾದ್ರೂ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬತ್ತದೆ.

ದುಡ್ಡು ಹೋದ್ರೆ ಹೋಗ್ಲಿ ಅನ್ಬೋದು, ಅದಕ್ಕಿಂತ ದೊಡ್ಡ ಪೇಚು ಇನ್ನೊಂದದೆ. ಕಾಯಿಲೆ ಒಂದು, ಮದ್ದು ಇನ್ನೊಂದು ಆಗೋದು. ನಮ್ಮ ನಾದಿನಿ ಮನೇಲಿ ಕಬ್ಬು ಕಡಿದು ಕುಂತೂರು ಕಾರ್ಖಾನೆಗೆ ಸಾಗ್ಸೋ ಟೈಮು. ಟ್ರ್ಯಾಕ್ಟರ್ ಗುಕ್ಕು ಗುಕ್ಕು ಅಂತ ನಿಂತೋಗೋದು, ಸ್ಟಾರ್ಟಾದ್ರೂ ಬಿಳಿ ಹೊಗೆ. ಯಾರೋ ಹೇಳುದ್ರು ಅಂತ ಬಾಟ್ಲಿ ಹುಯ್ದ್ರು. ಸರಿ ಹೋಗ್ಲಿಲ್ಲ ಅಂತ ಇನ್ನೊಂದು ಹುಯ್ದ್ರು. ಕಡಿದ ಕಬ್ಬು ಮೂರು ದಿನ ಹೊಲದಲ್ಲೇ ಬಿತ್ತು. ಕಡಿದ ಮೇಲೆ ಕಬ್ಬು ಒಣಗ್ತಾ ತೂಕ ಕಳ್ಕತದೆ, ಸಕ್ಕರೆ ಅಂಶನೂ ಇಳೀತದೆ. ವರ್ಷ ಪೂರ್ತಿ ನೀರು ಕಟ್ಟಿದ್ದು ಕಣ್ಮುಂದೇನೆ ಒಣಗ್ತಾ ಅದೆ ಅಂತ ಅವಳು ಫೋನಲ್ಲಿ ಅತ್ತದ್ದು ಈಗಲೂ ನೆಪ್ಪದೆ. ಕೊನೆಗೆ ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿದ್ರೆ ಒಳಗೆ ನೀರು, ತುಕ್ಕು, ಲೋಳೆ. ಮಳೆಗಾಲದಲ್ಲಿ ಕೊಟ್ಟಿಗೆ ಸೂರಿನ ಕೆಳಗೆ ಮುಚ್ಚಳ ಸರಿಯಿಲ್ಲದ ಕ್ಯಾನಲ್ಲಿ ಡೀಸೆಲ್ ಇಟ್ಟಿದ್ರು, ನೀರು ಸೇರ್ಕಂಡಿತ್ತು. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಾಯ್ಸಿ, ಏರ್ ತೆಗೆದ ಮೇಲೆ ಗಾಡಿ ಸರಿಯಾಯ್ತು. ಕೆಲವು ಬಾಟ್ಲಿ ಮದ್ದು ನೀರನ್ನ ಡೀಸೆಲ್ ಜೊತೇಲೇ ಕಲಸಿ ಫಿಲ್ಟರ್ ದಾಟಿಸ್ಬಿಡ್ತವಂತೆ. ತಳದಲ್ಲಿ ನಿಲ್ಬೇಕಾದ ನೀರು ಪಂಪಿಗೆ ನುಗ್ಗಿದ್ರೆ ಖರ್ಚು ಸಾವಿರಗಟ್ಲೆ.

ಹೊಗೆ ನೋಡಿ ಕಾಯಿಲೆ ಗುರುತಿಸೋದು ಒಲೆ ಮುಂದೆ ಕೂತ ನಮಗೇನು ಹೊಸದಲ್ಲ. ಕಪ್ಪು ಹೊಗೆ ಬಂದ್ರೆ ಗಾಳಿ ಸಾಲ್ತಿಲ್ಲ, ಏರ್ ಫಿಲ್ಟರ್ ಕಟ್ಕಂಡದೆ, ಇಲ್ಲ ಲೋಡ್ ಜಾಸ್ತಿ, ಇಲ್ಲ ನಾಜಲ್ ಕೆಟ್ಟದೆ. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಉರೀತಾ ಅದೆ. ಬಿಳಿ ಹೊಗೆ ನಿಲ್ದೇ ಬತ್ತಿದ್ರೆ ನೀರು ಸೇರಿರ್ಬೋದು, ಇಲ್ಲ ಡೀಸೆಲ್ ಸರಿಯಾಗಿ ಉರೀತಿಲ್ಲ. ಮೂರಕ್ಕೂ ಒಂದೇ ಬಾಟ್ಲಿ ಹೆಂಗೆ ಮದ್ದಾಗ್ತದೆ?

ಹಂಗಂತ ಬಾಟ್ಲಿಯೆಲ್ಲ ಮೋಸ ಅಂತ ನಾನು ಹೇಳಲ್ಲ. ಹಳೇ ಗಾಡಿ ನಾಜಲ್ಲಲ್ಲಿ ಮಸಿ ಕಟ್ಟಿದ್ರೆ ಕ್ಲೀನ್ ಮಾಡೋ ಮದ್ದು ಒಂದೆರಡು ಸಲ ಹಾಕಿ ಅಂತ ಮೆಕ್ಯಾನಿಕ್ ಹೇಳ್ಬೋದು. ತಿಂಗಳುಗಟ್ಲೆ ಕೂಡಿಟ್ಟ ಡೀಸೆಲ್ಲಲ್ಲಿ ನೀರು ನಿಂತ್ರೆ ಸೂಕ್ಷ್ಮ ಜೀವಿ ಬೆಳೆದು ಲೋಳೆ ಕಟ್ತದೆ, ಅದನ್ನ ಕೊಲ್ಲೋ ಮದ್ದೂ ಅದೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗೋ ಥರ ಡೀಸೆಲ್ಲೂ ಗಟ್ಟಿಯಾಗೋ ಜಾಗ ಅವೆ. ಲಡಾಖಿಗೆ ಅಂತ್ಲೇ 2019ರ ನವೆಂಬರಲ್ಲಿ ಇಂಡಿಯನ್ ಆಯಿಲ್‌ನೋರು ಮೈನಸ್ 33 ಡಿಗ್ರಿಯಲ್ಲೂ ಹರಿಯೋ ಡೀಸೆಲ್ ಬಿಟ್ರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಚಳಿಗೆ ಅಂಥದ್ದೇನೂ ಬೇಕಾಗಿಲ್ಲ. ಮಾದಪ್ಪನ ಜಾತ್ರೆಗೆ ಹೊರಡೋ ಹುಡುಗ್ರು, ತಾಳಬೆಟ್ಟದಿಂದ ಮೇಲೆ ಗಾಡಿ ಎಳೀಲಿ ಅಂತ ಬಾಟ್ಲಿ ಹುಯ್ಸ್ಕತಾರೆ. ಅದರ ಬದ್ಲು ಬ್ರೇಕು, ಟೈರು ತೋರ್ಸಿ, ಜನ ಕಮ್ಮಿ ಕೂರ್ಸಿ ಅಂತೀನಿ ನಾನು.

ಹೊಸ ಬಿಎಸ್-6 ಗಾಡಿ ಇರೋರು ಇನ್ನೂ ಹುಷಾರಾಗಿರಿ. ಅವುಗಳ ಸೈಲೆನ್ಸರ್ ಕಡೆ ಮಸಿ ಹಿಡಿಯೋ ಫಿಲ್ಟರ್ ಇರ್ತದೆ. ಲೋಹದ ಅಂಶ ಇರೋ ಮದ್ದು ಉರಿದ್ರೆ ಬೂದಿಯಾಗಿ ಅಲ್ಲೇ ಕೂರ್ತದೆ. ಇನ್ನು ಆಡ್‌ಬ್ಲೂ ಅಂತ ಮಾರ್ತಾರಲ್ಲ, ಅದು ಡೀಸೆಲ್ಲಿಗೆ ಬೆರೆಸೋ ಮದ್ದೇ ಅಲ್ಲ. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಅದಕ್ಕೆ ಬೇರೆ ಟ್ಯಾಂಕೇ ಅದೆ. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಹುಯ್ದ್ರೆ ಗಾಡಿ ಸ್ಟಾರ್ಟ್ ಮಾಡಬ್ಯಾಡಿ, ಮೆಕ್ಯಾನಿಕ್ ಕರೀರಿ. ಹೊಲದ ಯೂರಿಯಾ ಕದಡಿ ಹುಯ್ಯೋ ಬುದ್ವಂತಿಕೆನೂ ಬ್ಯಾಡ.

ಹಂಗಾದ್ರೆ ಮಾಡೋದೇನು? ಡೀಸೆಲ್ ಕ್ಯಾನಿಗೆ ಬಿಗಿಯಾದ ಮುಚ್ಚಳ ಹಾಕಿ, ಜರಡಿ ಇರೋ ಆಲಿಕೇಲಿ ಸೋಸಿ ಹುಯ್ಯಿ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬ್ಸಿಡಿ. ಖಾಲಿ ಜಾಗ ಇದ್ರೆ ರಾತ್ರಿ ಗಾಳೀಲಿರೋ ತೇವ ನೀರಾಗಿ ಇಳೀತದೆ, ಅನ್ನದ ಪಾತ್ರೆ ಮುಚ್ಚಳದಲ್ಲಿ ಬೆವರು ಕಟ್ಟಂಗೆ. ಫಿಲ್ಟರ್ ಕೆಳಗಿನ ನೀರು ಬಿಡಿ. ಎಷ್ಟು ಗಂಟೆ ಓಡಿದ್ಮೇಲೆ ಫಿಲ್ಟರ್ ಬದಲಾಯ್ಸ್ಬೇಕು ಅಂತ ಗಾಡಿ ಪುಸ್ತಕದಲ್ಲಿ ಅದೆ, ಓದೋ ಮಕ್ಕಳ ಕೈಲಿ ಓದ್ಸಿ. ಬೇರೆ ಮದ್ದು ಹಾಕುದ್ರೆ ವಾರಂಟಿ ಸಿಕ್ತದಾ ಅನ್ನೋದನ್ನೂ ಅದರಲ್ಲೇ ನೋಡ್ಸಿ. ಡೀಸೆಲ್ ಮೇಲೆ ಅನುಮಾನ ಬಂದ್ರೆ ಬಂಕಲ್ಲೇ ಸಾಂದ್ರತೆ ತೋರ್ಸಿ, 5 ಲೀಟರ್ ಅಳತೆ ಪಾತ್ರೇಲಿ ಅಳೆದು ತೋರ್ಸಿ ಅಂತ ಕೇಳೋ ಹಕ್ಕು ನಮಗದೆ.

ಇನ್ಮೇಲೆ ಮನೇಲಿ ಯಾರಾದ್ರೂ ಬಾಟ್ಲಿಗೆ ದುಡ್ಡು ಕೇಳುದ್ರೆ ಮೂರೇ ಮಾತು ಕೇಳಿ. ಗಾಡಿಗೆ ಏನಾಗದೆ? ಅದನ್ನ ನೋಡಿ ಹೇಳ್ದೋರು ಯಾರು, ಅಂಗಡಿಯೋನಾ, ಮೆಕ್ಯಾನಿಕ್ಕಾ? ಎಷ್ಟು ಲೀಟರ್ ಉಳುದ್ರೆ ಈ ದುಡ್ಡು ಹುಟ್ಟದು? ಮೂರಕ್ಕೂ ಉತ್ರ ಸಿಕ್ರೆ ಕೊಡಿ. ಸಿಗದಿದ್ರೆ ಅದೇ ದುಡ್ಡಲ್ಲಿ ಹೊಸ ಫಿಲ್ಟರ್ ತರೋಕೇಳಿ. ಹಾಲಿನ ಲೆಕ್ಕದ ಪುಸ್ತಕದಲ್ಲೇ ಡೀಸೆಲ್ಲಿಗೂ ಒಂದು ಹಾಳೆ ಬಿಡಿ. ನಿಮ್ಮ ಲೆಕ್ಕದಲ್ಲಿ ಬಾಟ್ಲಿಯಿಂದ ನಿಜವಾಗ್ಲೂ ಉಳೀತು ಅಂದ್ರೆ ನನಗೂ ಹೇಳಿ, ನಾನೂ ಇನ್ನೊಂದ್ಸಾರಿ ಅಳೆದು ನೋಡ್ತೀನಿ.