ರೋಣಿ ಮಳಿ ಮತ್ತು ಕಾಕಾನ ಹಳೇ ಪಿಪಿಟಿ

ಈ ಸಲ ಬೇಸಿಗೆ ರಜೆಗೆ ಕೊಡ್ಲಿಗೆ ಹೋದಾಗ ಕಾಕಾ ನನ್ನ ಕೈಗೆ ಒಂದು ಪೆನ್‌ಡ್ರೈವ್ ಇಟ್ಟು, "ತಮ್ಮಾ, ನೀ ಕಂಪ್ಯೂಟರ್ ಸೈನ್ಸ್ ಓದ್ಲಕತ್ತಿ ಅಲ್ಲಾ, ಇದನ್ನೊಂದು ಸರಿ ಮಾಡಿ ಕೊಡು" ಅಂದರು. ಕಾಕಾ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. 2008ರ ಸುಮಾರಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡು, ರಾತ್ರಿ ಕೂತು ಮಕ್ಕಳಿಗಾಗಿ ಪಿಪಿಟಿ ಮಾಡ್ತಿದ್ದರು. ಒಟ್ಟು 14 ಫೈಲ್. ಮಳಖೇಡದ ಕೋಟೆ, ಶಹಾಬಾದ್ ಕಲ್ಲು, ವಾಡಿಯ ಸಿಮೆಂಟು, ಎಲ್ಲದರ ಮೇಲೂ ಒಂದೊಂದು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು "ನಮ್ಮೂರ ಮಳೆ-ಬೆಳೆ". ಈಗ ಶಾಲೆಗೆ ದೊಡ್ಡ ಟಿವಿ ಬಂದಿದೆ. ಅದರಲ್ಲಿ ಹಾಕಿದರೆ ಚಿತ್ರ ಬರುತ್ತೆ, ಅಕ್ಷರ ಮಾತ್ರ ಎಲ್ಲಾ ಕಲಸುಮೇಲೋಗರ.

ನಾನು ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಹಳೇ ಪಿಪಿಟಿ ಫೈಲು, ಹೊಸ ಪಿಪಿಟಿಎಕ್ಸ್ ಮಾಡಿದರಾಯ್ತು. 2007ರ ಆಫೀಸ್‌ನಿಂದ ಬಂದ ಈ ಹೊಸ ರೂಪ ಅಂದರೆ ನಿಜಕ್ಕೂ ಒಂದು ಜಿಪ್ ಫೈಲು, ಬಿಚ್ಚಿದರೆ ಒಳಗೆ ಒಂದೊಂದು ಸ್ಲೈಡಿಗೆ ಒಂದೊಂದು ಎಕ್ಸ್‌ಎಂಎಲ್ ಸಿಗುತ್ತೆ. ಲಿಬ್ರೆಆಫೀಸ್‌ನಲ್ಲಿ ಒಂದೇ ಕಮಾಂಡಿಗೆ 14 ಫೈಲೂ ಬದಲಾದವು. ಖುಷಿಯಿಂದ ತೆಗೆದು ನೋಡಿದರೆ ಅದೇ ಕಲಸುಮೇಲೋಗರ!

ಆಮೇಲೆ ಗೊತ್ತಾಯ್ತು, ತೊಂದರೆ ಇದ್ದದ್ದು ಡಬ್ಬಿಯಲ್ಲಲ್ಲ, ಒಳಗಿನ ಅಕ್ಷರದಲ್ಲಿ. ಕಾಕಾ ಟೈಪ್ ಮಾಡಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ ತನ್ನದೇ ಆದ ಸಂಖ್ಯೆ ಇದೆ, 3221. ಹಳೇ ನುಡಿ ಫಾಂಟ್‌ನಲ್ಲಿ ಹಾಗಲ್ಲ. ಇಂಗ್ಲಿಷಿನ 'ಪಿ' ಕೂತಿರುವ 80ನೇ ಜಾಗದಲ್ಲಿ ಕ-ದ ಚಿತ್ರ ಇಟ್ಟಿದ್ದಾರೆ, ತಲಕಟ್ಟು ಬೇರೆ ಜಾಗದಲ್ಲಿ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತೆ, ಇಲ್ಲದಿದ್ದರೆ ಕಂಪ್ಯೂಟರ್ ಪಾಪ ಪಿ ಅಂತಲೇ ತೋರಿಸುತ್ತೆ. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಈ ಫೈಲುಗಳಲ್ಲಿ ಒಂದಕ್ಷರವೂ ಕನ್ನಡ ಇರಲೇ ಇಲ್ಲ.

"ಮತ್ತ ನುಡಿ ಹಾಕಿದ್ರ ಆಯ್ತಲ್ಲೋ" ಅಂದರು ಕಾಕಾ. ಹಾಕಬಹುದು. ಆದರೆ ಮಕ್ಕಳ ಮನೆಯ ಮೊಬೈಲಿಗೆ ಕಳಿಸಿದರೆ? ಮುಂದಿನ ವರ್ಷ ಬೇರೆ ಕಂಪ್ಯೂಟರ್ ಬಂದರೆ? 'ತೊಗರಿ' ಅಂತ ಹುಡುಕಿದರೆ ಸಿಗೋದೇ ಇಲ್ಲ. ಹಾಗಾಗಿ ಅಕ್ಷರಗಳನ್ನೇ ಬದಲಿಸೋಣ ಅಂತ ಪೈಥಾನ್‌ನಲ್ಲಿ ಕೋಡ್ ಬರೆಯಲು ಕೂತೆ. ರೆಡಿಮೇಡ್ ಕನ್ವರ್ಟರ್‌ಗಳಿವೆ, ಆದರೆ ಎರಡನೇ ವರ್ಷದ ಹುಮ್ಮಸ್ಸು ನೋಡಿ!

ಮೊದಲ ಸಲ 'ಮಳೆ' ಇದ್ದದ್ದು 'ವುಳೆ' ಆಯ್ತು. ಹಳೇ ಫಾಂಟ್‌ನಲ್ಲಿ ಮ ಅಂದರೆ ಮೂರು ತುಂಡು: ವ, ತಲಕಟ್ಟು, ಒಂದು ಬಾಲ. ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಎರಡನೇ ಸಲ 'ಕರ್ನಾಟಕ' ಹೋಗಿ 'ಕನಾರ್ಟಕ' ಬಂತು. ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇಟ್ಟಿರುತ್ತಾರೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಮೂರನೇ ಸಲ ಕನ್ನಡ ಸರಿಯಾಯ್ತು, ಆದರೆ ಸ್ಲೈಡಿನಲ್ಲಿದ್ದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಹೋದವು. ಕೊನೆಗೆ ನುಡಿ ಫಾಂಟ್ ಇರುವ ತುಂಡುಗಳನ್ನು ಮಾತ್ರ ಬದಲಿಸು, ಉಳಿದದ್ದನ್ನು ಮುಟ್ಟಬೇಡ ಅಂತ ಬರೆದೆ. ಮೂರು ದಿನ ಹೋಯ್ತು.

ನಾಲ್ಕನೇ ದಿನ ಒಂದೊಂದೇ ಸ್ಲೈಡ್ ಓದುತ್ತಾ ಉಳಿದ ತಪ್ಪುಗಳನ್ನು ಕೈಯಿಂದ ತಿದ್ದಿದೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ನಾನು, ಕನ್ನಡ ಓದೋದು ನಿಧಾನ. ಆದರೂ ಬೀಗುತ್ತಾ ಕಾಕಾಗೆ ತೋರಿಸಿದೆ. "ಮಳೆ-ಬೆಳೆ"ಯ ಆರನೇ ಸ್ಲೈಡಿಗೆ ಬಂದಾಗ ಅವರು ನಿಂತುಬಿಟ್ಟರು.

"ಇದೇನಿದು, ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ?"

"'ಹಿ' ಬಿಟ್ಟುಹೋಗಿತ್ತು ಕಾಕಾ, ಕೋಡಿನ ತಪ್ಪು. ನಾನೇ ಸರಿ ಮಾಡಿದೆ."

"ಕೋಡಿನ ತಪ್ಪಲ್ಲೋ. ರೋಣಿ ಮಳಿಯಾದ್ರ ಓಣಿ ತುಂಬ ಜ್ವಾಳ. ರೋಣಿ, ಓಣಿ. ನಿಮ್ಮ ಮುತ್ಯಾ ಅಂದಿದ್ದು ಹಂಗ."

ನನಗೆ ಮಾತೇ ಬರಲಿಲ್ಲ. 'ಮಿರಗ' ಅಂತ ಇದ್ದದ್ದನ್ನೂ 'ಮೃಗಶಿರ' ಮಾಡಿದ್ದೆ. ಮಿರಗ ಅಂದರೆ ಜೂನಿನಲ್ಲಿ ತೊಗರಿ ಬಿತ್ತೋಕೆ ನಮ್ಮ ಮನೆಯವರೆಲ್ಲ ಆಕಾಶ ನೋಡುತ್ತಾ ಕಾಯೋ ಮಳೆ, ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ಬರಹದಲ್ಲಿ ಕಂಡಾಗ ಮಾತ್ರ ತಪ್ಪು ಅನ್ನಿಸಿತು!

ಆ ಸ್ಲೈಡಿನ ಮೂಲೆಯಲ್ಲಿ ಒಂದು ಸ್ಪೀಕರ್ ಚಿತ್ರ ಇದೆ. ಕಾಕಾ ಅದನ್ನು ಒತ್ತಿದರು, ಏನೂ ಕೇಳಲಿಲ್ಲ. ಮುತ್ಯಾ ಮಳೆಗಳ ಹೆಸರು ಹೇಳಿದ್ದನ್ನು ರೆಕಾರ್ಡ್ ಮಾಡಿ ಹಾಕಿದ್ದರಂತೆ. ಹಳೇ ಪವರ್‌ಪಾಯಿಂಟ್‌ನಲ್ಲಿ ದೊಡ್ಡ ಆಡಿಯೋ ಫೈಲು ಪಿಪಿಟಿಯ ಒಳಗೆ ಸೇರುತ್ತಿರಲಿಲ್ಲ, ಅದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಉಳಿಯುತ್ತಿತ್ತು. ನಾನು ತೆಗೆದು ನೋಡಿದೆ. ವಿಳಾಸ ಇತ್ತು, ಎಂದೋ ಗುಜರಿಗೆ ಹೋದ ಕಂಪ್ಯೂಟರಿನ ಡಿ ಡ್ರೈವ್. ಮುತ್ಯಾ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವರ ದನಿ ನೆನಪಿಲ್ಲ. ಅವರು ಹೇಳಿದ್ದು ಹೇಳಿದ ಹಾಗೇ ಉಳಿದಿರೋದು ಈ ಒಂದು ಸ್ಲೈಡಿನಲ್ಲಿ ಮಾತ್ರ, ಅದನ್ನೇ ನಾನು ತಿದ್ದಿಬಿಟ್ಟಿದ್ದೆ.

ಪುಣ್ಯಕ್ಕೆ ಮೂಲ ಫೈಲುಗಳನ್ನು ಮುಟ್ಟಿರಲಿಲ್ಲ. ಮತ್ತೆ ಕೂತೆವು. ನನ್ನ ಲ್ಯಾಪ್‌ಟಾಪಿಗೆ ನುಡಿ ಹಾಕಿ ಎಡಕ್ಕೆ ಹಳೇದು, ಬಲಕ್ಕೆ ಹೊಸದು ಇಟ್ಟು, ನಾನು ಗಟ್ಟಿಯಾಗಿ ಓದೋದು, ಕಾಕಾ ಕೇಳೋದು. ಕೈಯಿಂದ ನಾನು ತಿದ್ದಿದ್ದ 31 ಪದಗಳಲ್ಲಿ 19 ತಪ್ಪೇ ಆಗಿರಲಿಲ್ಲ. 'ಗುಲ್ಬರ್ಗಾ ಜಿಲ್ಲೆ' ಅಂತ ಬಂದಾಗ, 2014ರಲ್ಲಿ ಹೆಸರು ಬದಲಾಗಿದೆ, ಕಲಬುರಗಿ ಮಾಡಲಾ ಅಂತ ಕೇಳಿದೆ. "ಇರ್ಲಿ ಬಿಡು, ಆಗ ಹಂಗೇ ಇತ್ತು. ಹುಡುಗರಿಗೆ ನಾ ಹೇಳ್ತೀನಿ" ಅಂದರು. ಈ ಸಲ ಮೊದಲೇ ಕೇಳಿದ್ದೆ ಅನ್ನೋದಷ್ಟೇ ನನ್ನ ಸಮಾಧಾನ.

ನಿಮ್ಮ ಮನೆಯಲ್ಲೂ ಇಂಥ ಪೆನ್‌ಡ್ರೈವ್, ಸಿಡಿ ಇರಬಹುದು. ಮೂಲ ಫೈಲನ್ನು ಬೇರೆ ಕಡೆ ಕಾಪಿ ಮಾಡಿ ಇಟ್ಟುಕೊಳ್ಳಿ. ಸ್ಪೀಕರ್, ವಿಡಿಯೋ ಚಿತ್ರ ಕಂಡರೆ ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮೊದಲೇ ಆ ಫೈಲುಗಳನ್ನು ಹುಡುಕಿ. ಅಕ್ಷರ ಬದಲಿಸಿದ ಮೇಲೆ ಅದನ್ನು ಬರೆದವರ ಪಕ್ಕದಲ್ಲೇ ಕೂತು ಒಂದು ಸಲ ಓದಿ. ನನ್ನ ಕೋಡ್ ಯಾರಿಗಾದರೂ ಬೇಕಿದ್ದರೆ ಕನ್ನಡ ಸಂಘದ ಗ್ರೂಪಿನಲ್ಲಿ ಕೇಳಿ, ಕೊಡ್ತೀನಿ. ಕನಾರ್ಟಕ ಬರಲ್ಲ, ಗ್ಯಾರಂಟಿ.

ಆರನೇ ಸ್ಲೈಡಿನ ಸ್ಪೀಕರ್ ಚಿತ್ರ ತೆಗೆದುಬಿಡಲಾ ಅಂತ ಕಾಕಾನನ್ನು ಕೇಳಿದ್ದೆ. ಬ್ಯಾಡ ಅಂದರು. ಹಾಗೇ ಇದೆ.