ಟೈಲರ್ ಮಾಮನ ಅಂಗಡಿಯ ಹಾಡು



ಈ ವರ್ಷ ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ ಸಂಜೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ಸಣ್ಣ ಕೂಟ ನಡೆಯಿತು. ಬಂದವರು ಇಪ್ಪತ್ತು ಮಂದಿ ಇರಬಹುದು. ನಿಯಮ ಒಂದೇ. ಈಚೆಗೆ ನೀವು ಹೆಚ್ಚಾಗಿ ಕೇಳುತ್ತಿರುವ ಒಂದು ಹಾಡನ್ನು ಎಲ್ಲರಿಗೂ ಕೇಳಿಸಬೇಕು, ಆಮೇಲೆ ಅದನ್ನು ಯಾಕೆ ಕೇಳುತ್ತೀರಿ ಎಂದು ಹೇಳಬೇಕು. ಭಕ್ತಿಗೀತೆಯೇ ಆಗಬೇಕೆಂದಿಲ್ಲ.

ಪಿಯುಸಿ ಓದುವ ಹುಡುಗಿಯೊಬ್ಬಳು ಬಿಟಿಎಸ್ ಎಂಬ ಕೊರಿಯಾ ದೇಶದ ಏಳು ಹುಡುಗರ ತಂಡದ ಹಾಡು ಹಾಕಿದಳು. ಹಿರಿಯರು ಮುಖ ಮುಖ ನೋಡಿಕೊಂಡರು. "ಭಾಷೆ ಅರ್ಥವಾಗುತ್ತಾ ಮಗಳೇ?" ಎಂದು ಒಬ್ಬರು ಕೇಳಿದರು. "ಇಲ್ಲ ಅಂಕಲ್. ಬೆಳಗ್ಗೆ ನಾಲ್ಕಕ್ಕೆ ಓದೋಕೆ ಏಳ್ತೀನಲ್ಲ, ಆಗ ಮನೆಯಲ್ಲಿ ಯಾರೂ ಎದ್ದಿರಲ್ಲ. ಇದು ಹಾಕಿಕೊಂಡರೆ ಪಕ್ಕದಲ್ಲಿ ಯಾರೋ ಇದ್ದಾರೆ ಅನಿಸುತ್ತೆ" ಎಂದಳು. ಅವಳ ನಂತರದ ಸರದಿ ಎಂಬತ್ತು ದಾಟಿದ ಒಬ್ಬ ಅಜ್ಜಿಯದು. ಸಂತ ತೋಮಾಸ್ ಅಕ್ವಿನಾಸರು 13ನೇ ಶತಮಾನದಲ್ಲಿ ರಚಿಸಿದ ಲತೀನ್ ಆರಾಧನಾ ಗೀತೆಯನ್ನು ಅವರು ಮೊಮ್ಮಗನ ಮೊಬೈಲಿನಲ್ಲಿ ಹಾಕಿಸಿದರು. ಹಾಡು ಮುಗಿದ ಮೇಲೆ ಹುಡುಗಿಯ ಕಡೆ ತಿರುಗಿ, "ನಮಗೂ ಲತೀನ್ ಒಂದಕ್ಷರ ಬರ್ತಿರಲಿಲ್ಲ ಪುಟ್ಟಿ" ಎಂದರು. ಸಭೆಯೆಲ್ಲ ನಕ್ಕಿತು.

ಈ ನಿಯಮ ನನ್ನದಲ್ಲ. ಆಂಧ್ರದ ಗಡಿಯಲ್ಲಿರುವ ನನ್ನೂರು ಚಿಲಮತ್ತೂರಿನ ಒಬ್ಬ ಟೈಲರ್ ಮಾಮನದು. ಅವರಿಂದ ಎರವಲು ತಂದದ್ದನ್ನು ಅವರ ಹೆಸರಿನಲ್ಲೇ ಒಪ್ಪಿಸಬೇಕು, ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಆಗ ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಒಂದು ಕಡೆ ಹಿಂದೂಪುರ, ಇನ್ನೊಂದು ಕಡೆ ಗಡಿ ದಾಟಿದರೆ ಬಾಗೇಪಲ್ಲಿ. ಪಕ್ಕದ ಲೇಪಾಕ್ಷಿ ದೇವಾಲಯ ಈಗ ಆಂಧ್ರದ ಹೆಮ್ಮೆ, ಆದರೆ ಅದರ ಗೋಡೆಯ ಮೇಲಿನ ಶಾಸನಗಳು ಕನ್ನಡದವು. ನಾಟ್ಯಮಂಟಪದ ಕಂಬಗಳಲ್ಲಿ ಮದ್ದಳೆ, ವೀಣೆ ಹಿಡಿದವರ ಆಳೆತ್ತರದ ವಿಗ್ರಹಗಳಿವೆ. ಅವರು ಯಾವ ಭಾಷೆಯಲ್ಲಿ ಹಾಡುತ್ತಿದ್ದಾರೆಂದು ನಾವು ಹುಡುಗರು ವಾದ ಮಾಡುತ್ತಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಕಲಸಿದ್ದು. ಅಪ್ಪ ಶಾಲಾ ಮಾಸ್ತರರು. ಕಥೋಲಿಕರೆಂದರೆ ನಮ್ಮದೂ ಸೇರಿ ಎರಡೋ ಮೂರೋ ಮನೆ. ಗುರುಗಳು ತಿಂಗಳಿಗೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಬಂದು ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದರು.

ಟೈಲರ್ ಮಾಮನ ಅಂಗಡಿ ರಸ್ತೆಗೆ ಮುಖ ಮಾಡಿತ್ತು. ಅದರ ಹಿಂದಿನ ಗೋಡೆಗೆ ತಾಗಿಕೊಂಡೇ ನಮ್ಮ ಬಾಡಿಗೆ ಮನೆ. ಭಾನುವಾರ ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕತ್ತರಿಸುವ ಮೇಜಿನ ಮೇಲೆ ಟೂ-ಇನ್-ವನ್ ಇಡುತ್ತಿದ್ದರು. ಖಾಯಂ ಗಿರಾಕಿಗಳು ನಾಲ್ವರು. ಮಾಮ, ಅಪ್ಪ, ಬಸ್ ಕಂಡಕ್ಟರ್ ಒಬ್ಬರು, ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಸಾಯೇಬರು. ನಾನು ಮೂಲೆಯಲ್ಲಿ ಬಟ್ಟೆ ಚೂರುಗಳ ಗುಡ್ಡೆಯ ಮೇಲೆ. ಒಬ್ಬೊಬ್ಬರಿಗೆ ಒಂದೊಂದು ಹಾಡು. ಹಾಡು ಮುಗಿದ ಕೂಡಲೇ ಮಾಮ ತೆಲುಗಿನಲ್ಲಿ ಕೇಳುವುದು ಒಂದೇ ಮಾತು: "ಎಂದುಕು?" ಯಾಕೆ? "ಚೆನ್ನಾಗಿದೆ" ಎಂಬ ಉತ್ತರವನ್ನು ಅವರು ಒಪ್ಪುತ್ತಿರಲಿಲ್ಲ. "ಚೆನ್ನಾಗಿರೋದು ನನಗೂ ಕೇಳಿಸ್ತು. ನಿನಗೆ ಯಾಕೆ ಬೇಕು ಹೇಳು" ಎನ್ನುತ್ತಿದ್ದರು.

ಸಾಯೇಬರು ಮಹಮ್ಮದ್ ರಫಿಯವರ ಹಾಡು ತರುತ್ತಿದ್ದರು. ಲಾರಿಗಳ ಸದ್ದಿನಲ್ಲೇ ದಿನ ಕಳೆಯುವವನಿಗೆ ಮೆಲ್ಲಗೆ ಮಾತಾಡುವ ಗಂಡಸಿನ ದನಿ ಬೇಕು ಎಂಬುದು ಅವರ ಕಾರಣ. ಕಂಡಕ್ಟರದು ಎಸ್. ಜಾನಕಿಯವರ ಕನ್ನಡ ಹಾಡುಗಳು. ಜಾನಕಿಯವರು ಗುಂಟೂರು ಕಡೆಯವರು, ಪಿ.ಬಿ. ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದವರು, ಎಸ್.ಪಿ.ಬಿ.ಯವರ ಮನೆಮಾತೂ ತೆಲುಗು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜ್‌ಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗುವವರೆಗೆ ಅವರ ಹಾಡಿನ ದನಿ ಎಂದರೆ ಬಹುಪಾಲು ಶ್ರೀನಿವಾಸರೇ. "ನಿಮ್ಮ ಕನ್ನಡ ಹಾಡೆಲ್ಲ ನಮ್ಮವರೇ ಹಾಡಿದ್ದು" ಎಂದು ಮಾಮ ರೇಗಿಸಿದರೆ, "ಕಲಿಸಿದವರು ನಾವು" ಎಂದು ಕಂಡಕ್ಟರ್ ಬಿಡುತ್ತಿರಲಿಲ್ಲ. ಮಾಮ ವರ್ಷ ವರ್ಷ ಶಬರಿಮಲೆಗೆ ಹೋಗುವವರು. ಅಲ್ಲಿ ರಾತ್ರಿ ನಡೆ ಮುಚ್ಚುವಾಗ ಕೇಳಿಸುವ ಯೇಸುದಾಸರ ದನಿಯನ್ನು ವರ್ಣಿಸುವಾಗ ಅಪ್ಪ, "ಅವರು ಕೊಚ್ಚಿಯ ಕಥೋಲಿಕ ಮನೆಯ ಮಗ, ತಂದೆಯ ಹೆಸರು ಆಗಸ್ಟೀನ್ ಜೋಸೆಫ್" ಎಂದು ಮೀಸೆ ತಿರುವಿದರು. ಮಾಮ ಸ್ವಲ್ಪ ಯೋಚಿಸಿ, "ಹಾಗಾದರೆ ಕಂಠ ನಿಮ್ಮದು, ಹಾಡು ನಮ್ಮದು, ಲೆಕ್ಕ ಸರಿಹೋಯ್ತು ಮೇಷ್ಟ್ರೇ" ಎಂದರು.

ಕ್ಯಾಸೆಟ್ಟುಗಳನ್ನು ತುಂಬಿಸುತ್ತಿದ್ದುದು ಹಿಂದೂಪುರದಲ್ಲಿ. ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟು ಬಂದರೆ ಒಂದು ವಾರಕ್ಕೆ ತಯಾರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಅಂಗಡಿಯವರು ಲೆಕ್ಕ ತಪ್ಪಿ ಕೊನೆಯ ಹಾಡನ್ನು ಅರ್ಧಕ್ಕೆ ಬಿಡುವುದು ಮಾಮೂಲು. ಅಪ್ಪನ ಹಾಡಿಗೂ ಅದೇ ಗತಿಯಾಗಿತ್ತು. ಪಿ.ಬಿ. ಶ್ರೀನಿವಾಸರ ಹಾಡು, ಯಾವುದೆಂದು ಬರೆಯುವುದಿಲ್ಲ. ಎರಡನೆಯ ಚರಣ ಆರಂಭವಾಗುತ್ತಿದ್ದಂತೆ ಟೇಪು ಮುಗಿದು ಗುಂಡಿ ಟಕ್ ಎಂದು ಮೇಲೇಳುತ್ತಿತ್ತು. ಅಪ್ಪ ಪ್ರತಿ ಭಾನುವಾರವೂ ಅದನ್ನೇ ಹಾಕಿಸುತ್ತಿದ್ದರು. "ದನಿ ಜಾಸ್ತಿ ಮಾಡು" ಎನ್ನುತ್ತಿದ್ದರು. ಪಾಠ ಮಾಡಿ ಮಾಡಿ ಕಿವಿ ಮಂದವಾಗಿರಬೇಕೆಂದು ನಾನು ತಿಳಿದಿದ್ದೆ. "ಎಂದುಕು?" ಎಂದರೆ ನಕ್ಕು ಸುಮ್ಮನಾಗುತ್ತಿದ್ದರು. ಆ ಅಂಗಡಿಯಲ್ಲಿ ಉತ್ತರ ಹೇಳದೆ ಹಾಡು ಹಾಕಿಸುವ ರಿಯಾಯಿತಿ ಅವರೊಬ್ಬರಿಗೇ ಇತ್ತು.

ಮುಂದೆ ನಾನು ಗುರುಮಠ ಸೇರಿದೆ. ಅಲ್ಲಿ ಸಂಗೀತವನ್ನು ಪಾಠವಾಗಿ ಓದಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನೆಯ ಸಂವಿಧಾನ 1963ರ ಡಿಸೆಂಬರ್ 4ರಂದು ಪ್ರಕಟವಾಯಿತು, ಅದರ ಆರನೆಯ ಅಧ್ಯಾಯ ಪವಿತ್ರ ಸಂಗೀತವನ್ನು ಕುರಿತದ್ದು. (ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದ್ದೂ ಅದೇ 1963ರ ಆಗಸ್ಟಿನಲ್ಲಿ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ.) ಸಂತ ಅಗಸ್ಟೀನರು ತಮ್ಮ 'ತಪ್ಪೊಪ್ಪಿಗೆಗಳು' ಗ್ರಂಥದ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ರಾಗವೇ ತಮ್ಮನ್ನು ಹೆಚ್ಚು ಕರಗಿಸಿದಾಗ ತಾವು ತಪ್ಪಿತಸ್ಥರೆಂದು ಹೇಳಿಕೊಳ್ಳುತ್ತಾರೆ. ಅದೇ ಪುಟದಲ್ಲಿ, ವಿಶ್ವಾಸಕ್ಕೆ ಬಂದ ಹೊಸತರಲ್ಲಿ ದೇವಾಲಯದ ಹಾಡು ಕೇಳಿ ತಾವು ಅತ್ತದ್ದನ್ನೂ ನೆನೆಯುತ್ತಾರೆ. ನಾನು ಮೊದಲ ಮಾತಿಗೆ ಗೆರೆ ಎಳೆದೆ, ಎರಡನೆಯದನ್ನು ಬಿಟ್ಟೆ.

2011ರಲ್ಲಿ ಅಪ್ಪ ತೀರಿಕೊಂಡರು. ನನಗೆ ಗುರುದೀಕ್ಷೆಯಾಗಿ ಮೂರು ವರ್ಷ. ಹಿಂದಿನ ರಾತ್ರಿ ಮನೆಯಂಗಳದಲ್ಲಿ ಜಪಸರ ಮುಗಿದಿತ್ತು. ಟೈಲರ್ ಮಾಮ ಬಟ್ಟೆಯ ಚೀಲ ಹಿಡಿದು ಬಂದರು. ಒಳಗೆ ಆ ಟೂ-ಇನ್-ವನ್ ಇತ್ತು. ನನ್ನನ್ನು ಎತ್ತಿ ಆಡಿಸಿದವರು, ದೀಕ್ಷೆಯಾದ ಮೇಲೆ "ಸ್ವಾಮಿ" ಎಂದೇ ಕರೆಯುತ್ತಿದ್ದರು.

"ಸ್ವಾಮಿ, ಮೇಷ್ಟ್ರ ಹಾಡು ಒಂದು ಸಲ ಹಾಕಲಾ? ನಾಳೆ ಗುಡಿಯಲ್ಲಿ ಬೇಡ ಅಂದರೆ ಇಲ್ಲೇ."

"ಸಿನಿಮಾ ಹಾಡು ಬೇಡ ಮಾಮ, ನಮ್ಮಲ್ಲಿ ಅದಕ್ಕೆಲ್ಲ ಕ್ರಮ ಇದೆ" ಎಂದೆ.

ಅವರು ಮರುಮಾತಾಡಲಿಲ್ಲ. ಚೀಲದ ಬಾಯಿ ಮಡಚಿ, ಬೆಳಗಿನವರೆಗೂ ಜಗಲಿಯ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಬಲಿಪೂಜೆಯಲ್ಲಿ ಸಿನಿಮಾ ಹಾಡು ಸಲ್ಲದು. ಇಂದಿಗೂ ಯಾರು ಕೇಳಿದರೂ ನಾನು ಒಪ್ಪುವುದಿಲ್ಲ, ಮದುವೆಯ ಮನೆಯವರು ಮುನಿಸಿಕೊಂಡರೂ ಸರಿಯೇ. ಆದರೆ ಮಾಮ ಕೇಳಿದ್ದು ಬಲಿಪೂಜೆಯಲ್ಲಿ ಅಲ್ಲ, ಮನೆಯಂಗಳದಲ್ಲಿ. ಅಲ್ಲಿ ಯಾವ ಕ್ರಮವೂ ಅಡ್ಡ ಬರುತ್ತಿರಲಿಲ್ಲ. ಊರವರ ಮುಂದೆ ಹೊಸ ಗುರುವಿನ ಗಾಂಭೀರ್ಯಕ್ಕೆ ಕುಂದು ಬಂದೀತೆಂದು ನಾನು ಬೇಡವೆಂದೆ. ಅಷ್ಟೇ.

ಎರಡು ವರ್ಷದ ಹಿಂದೆ ರಜೆಗೆ ಹೋದಾಗ ಮಾಮನನ್ನು ನೋಡಲು ಹೋದೆ. ಅಂಗಡಿ ಮುಚ್ಚಿತ್ತು. ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲಾಗದೆ ಕೆಲಸ ಬಿಟ್ಟಿದ್ದರು. ಸಾಯೇಬರೂ ಕಂಡಕ್ಟರೂ ತೀರಿಹೋಗಿದ್ದರು. ಅಂದಿನ ರಾತ್ರಿಯ ಮಾತಿಗೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಸ್ವಾಮಿ" ಎಂದವರು, ಸ್ವಲ್ಪ ಹೊತ್ತಾದ ಮೇಲೆ ತಾವೇ ಹೇಳಿದರು:

"ಮೇಷ್ಟ್ರು ನನಗೊಬ್ಬನಿಗೆ ಕಾರಣ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ನಿಮ್ಮಮ್ಮ ಆ ಹಾಡು ಹಾಡ್ತಾ ಅಡುಗೆ ಮಾಡ್ತಿದ್ದರಂತೆ. ನಿಮಗಿಂತ ಮುಂಚೆ ಹುಟ್ಟಿದ ಹೆಣ್ಣು ಕೂಸು ಹೋಯಿತಲ್ಲ, ಅವತ್ತಿನಿಂದ ಹಾಡೋದು ಬಿಟ್ಟರು. ನಿಮ್ಮ ಅಡುಗೆಮನೆ ಈ ಗೋಡೆ ಆಚೆನೇ ಅಲ್ವಾ ಸ್ವಾಮಿ? ಅದಕ್ಕೇ ದನಿ ಜಾಸ್ತಿ ಮಾಡು ಅಂತಿದ್ದರು."

ಮೂರು ವರ್ಷಕ್ಕೇ ತೀರಿಕೊಂಡ ಅಕ್ಕನ ವಿಷಯ ನನಗೆ ಗೊತ್ತಿತ್ತು. ಅಮ್ಮ ಹಾಡುತ್ತಿದ್ದರೆಂಬುದು ಗೊತ್ತಿರಲಿಲ್ಲ. ದೇವಾಲಯದಲ್ಲೂ ಅವರು ತುಟಿ ಅಲುಗಿಸಿದ್ದನ್ನು ನಾನು ಕಂಡವನಲ್ಲ.

ಮಾಮ ಕ್ಯಾಸೆಟ್ಟನ್ನೂ ಟೂ-ಇನ್-ವನ್ನನ್ನೂ ಅದೇ ಚೀಲದಲ್ಲಿ ಹಾಕಿಕೊಟ್ಟರು. ಸಡಿಲವಾಗಿದ್ದ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಬಿಗಿ ಮಾಡಿ, ಸಂಜೆ ಮನೆಯ ಜಗಲಿಯಲ್ಲಿ ಹಾಕಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅಲ್ಲಲ್ಲಿ ಎಳೆಯುತ್ತಾ, ಸ್ವಲ್ಪ ನಡುಗುತ್ತಾ ಶ್ರೀನಿವಾಸರ ದನಿ ಬಂತು. ಅಮ್ಮ ತಲೆ ಎತ್ತಲಿಲ್ಲ. ಕೈ ಮಾತ್ರ ಅಕ್ಕಿಯ ಮೇಲೆ ನಿಂತಿತ್ತು. ಪಲ್ಲವಿ, ಮೊದಲ ಚರಣ, ಎರಡನೆಯ ಚರಣದ ಆರಂಭ. ಟಕ್ ಎಂದು ಗುಂಡಿ ಮೇಲೆದ್ದಿತು.

"ಯಾವಾಗಲೂ ಇಲ್ಲೇ ನಿಲ್ತಿತ್ತು" ಎಂದರು ಅಮ್ಮ. ಮೊರ ಎತ್ತಿಕೊಂಡು ಒಳಗೆ ಹೋದರು.