ಟ್ಯಾಂಕಿನಿಂದ ನೋಝಲ್‌ವರೆಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನಗಳಲ್ಲಿ ಬಲೆ ಹೆಣೆಯುತ್ತೇವೆ, ಬೋಟಿನ ಅಡಿ ಕೆರೆದು ಬಣ್ಣ ಬಳಿಯುತ್ತೇವೆ, ಫ್ಯಾನಿಗೆ ಅಂಟಿದ ಚಿಪ್ಪು ತೆಗೆಯುತ್ತೇವೆ. ಕಣ್ಣಿಗೆ ಕಾಣುವುದಕ್ಕೆಲ್ಲ ಆರೈಕೆ ಸಿಗುತ್ತದೆ. ಡೀಸೆಲ್ ಟ್ಯಾಂಕಿನ ತಳ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊನ್ನಾವರದ ಕಾಸರಕೋಡು ಬಂದರಿನ ಒಂದು ಟ್ರಾಲ್ ಬೋಟಿಗೆ ಒಂದು ವರ್ಷ ನಾನು ಡ್ರೈವರ್ ಆಗಿ ಸೇರಿದ್ದೆ. ನಮ್ಮಲ್ಲಿ ಡ್ರೈವರ್ ಎಂದರೆ ಎಂಜಿನ್ ನೋಡಿಕೊಳ್ಳುವವನು. ಆ ಬೋಟು ಅರ್ಧ ಟ್ಯಾಂಕ್ ಡೀಸೆಲ್ ಇಟ್ಟುಕೊಂಡೇ ಮಳೆಗಾಲ ಕಳೆದಿತ್ತು. ಟ್ಯಾಂಕಿನ ಖಾಲಿ ಭಾಗದಲ್ಲಿದ್ದ ತೇವದ ಗಾಳಿ ತಂಪಿಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ಎರಡೂ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಬಂದರಿನಲ್ಲಿ ನಿಂತಷ್ಟು ಹೊತ್ತು ಇದರ ಸುಳಿವೂ ಸಿಗುವುದಿಲ್ಲ. ಆಗಸ್ಟಿನ ಅಲೆಗೆ ಬೋಟು ಹೊಯ್ದಾಡಿದಾಗ ತಳದ್ದೆಲ್ಲ ಕಲಕಿ ಮೇಲೇಳುತ್ತದೆ.

ಅಂಥ ಒಂದು ದಿನ ಮುರ್ಡೇಶ್ವರದ ಪಶ್ಚಿಮಕ್ಕೆ, ನೇತ್ರಾಣಿ ದ್ವೀಪ ಕಾಣುವಷ್ಟು ದೂರದಲ್ಲಿ ಇದ್ದೆವು. ಹೊತ್ತು ಮುಳುಗಿತ್ತು. ಬಲೆ ಮೇಲೆ ಬಂದಿತ್ತು, ಅದೊಂದು ಪುಣ್ಯ. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಏರಿಳಿಯತೊಡಗಿತು. “ತಮಾ, ಎಂತಾಯ್ತು?” ಎಂದು ಬೋಟು ನಡೆಸುವ ತಾಂಡೇಲರು ಕ್ಯಾಬಿನ್‌ನಿಂದ ಕೂಗಿದರು. ಉತ್ತರ ಕೊಡುವ ಮೊದಲೇ ಎಂಜಿನ್ ಬಳಲಿ ಬಳಲಿ ನಿಂತಿತು.

ನೈರುತ್ಯದ ಗಾಳಿ ಬೋಟನ್ನು ಮಂಕಿ ಕಡೆಯ ದಡಕ್ಕೆ ತಳ್ಳುತ್ತಿತ್ತು. ಹಿಂದಿನವರ ಮಚ್ವೆ ದೋಣಿಗಳಿಗೆ ಹಾಯಿ ಇತ್ತು, ಗಾಳಿಯನ್ನೇ ಬಳಸಿಕೊಂಡು ದಡದಿಂದ ದೂರ ಸರಿಯಬಹುದಿತ್ತು. ನಮಗಿದ್ದದ್ದು ಎಂಜಿನ್ ಒಂದೇ. ಲಂಗರು ಬಿಟ್ಟೆವು, ಅದು ನೆಲ ಕಚ್ಚದೆ ಜಾರುತ್ತಿತ್ತು. ಮುರ್ಡೇಶ್ವರ ಗೋಪುರದ ದೀಪ ಜಾಗ ಬದಲಿಸುವುದನ್ನು ನೋಡಿ ಎಷ್ಟು ಸರಿದೆವೆಂದು ಲೆಕ್ಕ ಹಾಕುತ್ತಿದ್ದೆವು. ತಾಂಡೇಲರು ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಕರೆದರು. ಓಗೊಟ್ಟ ಬೋಟು ನಮ್ಮನ್ನು ಮುಟ್ಟಲು ಬಹಳ ಹೊತ್ತು ಬೇಕಿತ್ತು.

ಎಂಜಿನ್ ಒಮ್ಮೆಲೇ ಹಿಡಿದುಕೊಂಡು ನಿಂತಿದ್ದರೆ ಬೇರೆ ಮಾತು. ಬಳಲಿ ನಿಂತದ್ದರಿಂದ ಡೀಸೆಲ್ ಸಿಗುತ್ತಿಲ್ಲ ಎಂಬುದು ಸ್ಪಷ್ಟವಾಗಿತ್ತು. ಇಂಥ ಹೊತ್ತಿನಲ್ಲಿ ಕೈ ಹೋದ ಕಡೆ ಸ್ಪ್ಯಾನರ್ ಹಾಕಬಾರದು. ಡೀಸೆಲ್ ಬರುವ ದಾರಿಯಲ್ಲೇ ಟ್ಯಾಂಕಿನಿಂದ ನೋಝಲ್‌ವರೆಗೆ ಒಂದೊಂದೇ ಹೆಜ್ಜೆ ನಡೆಯಬೇಕು. ನನಗೆ ಕೆಲಸ ಕಲಿಸಿದ ಹಿರಿಯರ ಪಾಠ ಅದು.

ಮೊದಲು ನೀರು ಬೇರ್ಪಡಿಸುವ ಫಿಲ್ಟರ್. ಅದರ ಗಾಜಿನ ಬಟ್ಟಲಿಗೆ ಟಾರ್ಚ್ ಹಿಡಿದೆ. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಕಪ್ಪು ಗೆರೆ. ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸಿದೆ. ಫಿಲ್ಟರ್ ಮೇಲೆ ಲೋಳೆ ಬೆಲ್ಲದ ಪಾಕದಂತೆ ಅಂಟಿತ್ತು, ಹೊಸದು ಹಾಕಿದೆ. ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತತೊಡಗಿದೆ. ನೊರೆ ಬಂತು. ನೊರೆ ನಿಂತು ಬರಿಯ ಡೀಸೆಲ್ ಬರಬೇಕು, ಆದರೆ ಎಷ್ಟು ಒತ್ತಿದರೂ ನೊರೆಯೇ. ಅಂದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ.

ಪಂಪಿನ ಆಚೆ ಸೀಳು ಬಿಟ್ಟರೆ ಡೀಸೆಲ್ ಹೊರಗೆ ಚಿಮ್ಮುತ್ತದೆ, ಕಾಣುತ್ತದೆ. ಪಂಪಿನ ಈಚೆ, ಟ್ಯಾಂಕಿನ ಕಡೆಗೆ, ಪಂಪು ಎಳೆದುಕೊಳ್ಳುವುದರಿಂದ ಹೊರಗೆ ಒಂದು ಹನಿಯೂ ಬೀಳದೆ ಗಾಳಿ ಒಳಹೋಗಬಹುದು. ಕೈಯಿಂದ ಸವರಿದರೆ ಪೈಪು ಒಣಗಿಯೇ ಇತ್ತು. ಆಗ ಮೀಸಲಿಟ್ಟಿದ್ದ ಶುದ್ಧ ಡೀಸೆಲ್ ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿ, ಬೇರೊಂದು ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟೆ. ನೊರೆ ನಿಂತಿತು. ತೊಂದರೆ ಟ್ಯಾಂಕ್ ಮತ್ತು ಪಂಪಿನ ನಡುವೆ ಇದೆ ಎಂದು ಖಾತ್ರಿಯಾಯಿತು. ಆಮೇಲೆ ದಡದಲ್ಲಿ ಬಿಚ್ಚಿ ನೋಡಿದಾಗ, ಫಿಲ್ಟರ್ ಬಳಿಯ ಕ್ಲಿಪ್ಪಿನ ಅಡಿಯಲ್ಲಿ ರಬ್ಬರ್ ಪೈಪು ಕೂದಲೆಳೆಯಷ್ಟು ಸೀಳಿತ್ತು.

ಇನ್ನು ನೋಝಲ್‌ಗೆ ಹೋಗುವ ಪೈಪುಗಳ ಗಾಳಿ ತೆಗೆಯಬೇಕಿತ್ತು. ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಸಿದೆ. ಅಲ್ಲಿಗೆ ಕೈ ಅಡ್ಡ ಹಿಡಿಯಬಾರದು, ಅಷ್ಟು ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಬ್ಯಾಟರಿ ಸೋಲುತ್ತಿತ್ತು, ಸೆಲ್ಫಿನ ಸದ್ದು ಪ್ರತಿ ಸಲ ತಗ್ಗುತ್ತಿತ್ತು. ಅಷ್ಟು ಹೊತ್ತು ಧೈರ್ಯವಾಗಿದ್ದ ಖಲಾಸಿ ಹುಡುಗರು ಮಾತು ಬಿಟ್ಟಿದ್ದರು, ಒಬ್ಬ ದಡದ ಬಿಳಿ ನೊರೆಯ ಕಡೆಯೇ ಟಾರ್ಚ್ ಬಿಡುತ್ತಿದ್ದ. ನನ್ನ ಬಾಯಿ ಒಣಗಿತ್ತು. ಬ್ಯಾಟರಿಗೆ ಉಸಿರಾಡಲು ಬಿಟ್ಟು ಮತ್ತೆ ಹೊಡೆಸಿದೆ. ನಟ್ಟಿನ ಸಂದಿಯಿಂದ ನೊರೆ ಹೋಗಿ ಡೀಸೆಲ್ ಚಿಮ್ಮಿತು. ಬಿಗಿ ಮಾಡಿದೆ. ಎಂಜಿನ್ ಮೊದಲು ಕುಂಟುತ್ತ, ಬಿಳಿ ಹೊಗೆ ಕಾರುತ್ತ ಹಿಡಿಯಿತು, ಬರಬರುತ್ತ ಎಲ್ಲ ಸಿಲಿಂಡರೂ ಕೂಡಿಕೊಂಡವು. ತಾಂಡೇಲರು ಕೆಳಗಿಳಿದು ಬಂದು ನನ್ನ ಹೆಗಲು ಹಿಡಿದು ನಿಂತರು.

ಟ್ಯಾಂಕಿನ ಡೀಸೆಲ್ ಮುಟ್ಟದೆ ಕ್ಯಾನಿನದನ್ನೇ ಉಣಿಸುತ್ತ ನಿಧಾನ ಬಂದೆವು. ಶರಾವತಿಯ ಅಳಿವೆಯ ಹೊರಗೆ ಬೆಳಕು ಹರಿದು ಭರತ ಏರುವವರೆಗೆ ಕಾದು, ಆಮೇಲೆ ಒಳಗೆ ಹೋದೆವು. ಮರಳು ದಿಬ್ಬದ ಮೇಲೆ ಅಲೆ ಮುರಿಯುವ ಆ ಜಾಗದಲ್ಲಿ ಎಂಜಿನ್ ನಿಂತರೆ ಫಿಲ್ಟರ್ ಬಿಚ್ಚಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ, ಮೂರೂ ಹೊಳೆ ಕಡಲು ಸೇರುವಲ್ಲಿನ ಬಂದರುಗಳು. ಇಲ್ಲಿಯ ಪ್ರತಿ ಬೋಟೂ ಹೋಗುವಾಗ ಬರುವಾಗ ಅಳಿವೆ ದಾಟಲೇಬೇಕು.

ಅದಕ್ಕೇ ಈ ಮೂರೂ ಬಂದರಿನ ಬೋಟಿನವರಲ್ಲಿ ಕೈಮುಗಿದು ಕೇಳುತ್ತೇನೆ. ನಿಷೇಧಕ್ಕೆ ಮೊದಲು ಟ್ಯಾಂಕ್ ತುಂಬಿಸಿಡಿ, ತೇವಕ್ಕೆ ಜಾಗ ಬಿಡಬೇಡಿ. ಆಗಸ್ಟಿನಲ್ಲಿ ಹೊರಡುವ ಮುನ್ನ ತಳದ ನೀರು ಇಳಿಸಿ, ಪೈಪು, ಕ್ಲಿಪ್ಪು, ತಾಮ್ರದ ವಾಷರ್ ನೋಡಿ. ಹೆಚ್ಚಿನ ಫಿಲ್ಟರ್, ಒಂದು ತುಂಡು ಪೈಪು, ಒಂದು ಕ್ಯಾನ್ ಶುದ್ಧ ಡೀಸೆಲ್ ಬೋಟಿನಲ್ಲೇ ಇರಲಿ. ಗಾಳಿ ತೆಗೆಯುವ ಕೆಲಸವನ್ನು ಡ್ರೈವರ್ ಒಬ್ಬನೇ ಇಟ್ಟುಕೊಳ್ಳದೆ, ದಕ್ಕೆಯಲ್ಲಿ ನಿಂತಿರುವಾಗಲೇ ಪ್ರತಿ ಖಲಾಸಿಯ ಕೈಯಲ್ಲೂ ಮಾಡಿಸಿ. ಡ್ರೈವರ್‌ಗೆ ಜ್ವರ ಬಂದ ರಾತ್ರಿಯೂ ಬೋಟು ಮನೆಗೆ ಬರಬೇಕು.